ಗೋಡೆಯಾಚೆಯ ಪಿಟೀಲು

ಮನೆ ಭಾಗವಾದ ದಿನ, ನಾಗಮಂಗಲದಿಂದ ಪಂಚಾಯ್ತಿಗೆಂದು ಬಂದಿದ್ದ ಸೋದರಮಾವ ನಮ್ಮ ಸ್ಪೀಕರುಗಳನ್ನೂ ಭಾಗ ಮಾಡಿಬಿಟ್ಟ. ಎದೆಮಟ್ಟ ಎತ್ತರದ, ಇಬ್ಬರು ಹಿಡಿದರೂ ಏದುಸಿರು ಬರುವಷ್ಟು ತೂಕದ ಮರದ ಪೆಟ್ಟಿಗೆಗಳು ಅವು. ಶ್ರೀರಂಗಪಟ್ಟಣದಲ್ಲಿ ಯಾರೋ ಸಂಗೀತದ ಶೋಕಿಯವರು ಮನೆ ಖಾಲಿ ಮಾಡುವಾಗ ನಾನೂ ಅಣ್ಣನೂ ಆ ವರ್ಷದ ಕಬ್ಬಿನ ದುಡ್ಡೆಲ್ಲ ಸುರಿದು ಕೊಂಡಿದ್ದೆವು. ಟ್ರಾಕ್ಟರಿನಲ್ಲಿ ಹುಲ್ಲು ಹಾಸಿ, ಬಾಣಂತಿಯನ್ನು ಕರೆತರುವ ಹಾಗೆ ನಮ್ಮೂರು ಸಿಂಧಘಟ್ಟಕ್ಕೆ ತಂದಿದ್ದೆವು. ಜೋಡಿಯಾಗಿದ್ದರೆ ಮಾತ್ರ ಅವಕ್ಕೆ ಬೆಲೆ ಎಂದು ಮಾವನಿಗೆ ಹೇಳುವವರು ಯಾರು? ಅಷ್ಟು ಹೊತ್ತಿಗೆ ನಾನೂ ಅಣ್ಣನೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಎರಡವೆ, ಇಬ್ರಿದ್ದೀರಿ. ಒಂದೊಂದು ತಕ್ಕಳಿ, ಅದ್ರಲ್ಲೇನೈತೆ," ಎಂದು ಮಾವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ. ಹಿತ್ತಾಳೆ ಕೊಳಗ, ಎಮ್ಮೆಗಳ ಹಾಗೆ ಅವೂ ಹಂಚಿಹೋದವು. ಎಡದ್ದು ನನಗೆ, ಬಲದ್ದು ಅಣ್ಣನಿಗೆ. ನಡುಮನೆಗೆ ಅಡ್ಡಲಾಗಿ ಗೋಡೆ ಎದ್ದಿತು.

ಇಬ್ಬರಿಗೂ ಪ್ರಾಣವಾಗಿದ್ದ ಒಂದು ಕಚೇರಿಯ ಸೀಡಿ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಹಾಡು ನಡುವೆ, ಎರಡು ಪೆಟ್ಟಿಗೆಯಲ್ಲೂ; ಮೃದಂಗ ಎಡದ್ದರಲ್ಲಿ ಮಾತ್ರ, ಪಿಟೀಲು ಬಲದ್ದರಲ್ಲಿ ಮಾತ್ರ. ಈಗ ಹಾಕಿದರೆ ಮೃದಂಗವಿದೆ, ಹಾಡಿದೆ, ಪಿಟೀಲು ಇಲ್ಲ. ಪಿಟೀಲು ಅಣ್ಣನ ಪಾಲಿಗೆ ಹೋಗಿತ್ತು. ಜಗಳಕ್ಕೆ ಮೂಲವಾದ ಗದ್ದೆಯ ಬದುವಿಗಿಂತ ಅದೇ ನನ್ನ ಹೊಟ್ಟೆ ಹೆಚ್ಚು ಉರಿಸಿತು.

ಒಂದು ಸಂಜೆ ಡೈರಿಗೆ ಹಾಲು ಹಾಕಿ ಬಂದು ಅದೇ ಕಚೇರಿ ಹಾಕಿಕೊಂಡು ಕೂತಿದ್ದೆ. ಗೋಡೆಯಾಚೆಯಿಂದ ಪಿಟೀಲು ಬಂತು. ಅಣ್ಣ ಎಲ್ಲಿಂದಲೋ ಅದೇ ಸೀಡಿಯನ್ನೂ ಒಂದು ಪ್ಲೇಯರನ್ನೂ ಹುಡುಕಿ ತಂದು ತನ್ನ ಪೆಟ್ಟಿಗೆಗೆ ಜೀವ ಕೊಟ್ಟಿದ್ದ. ಆದರೆ ಅವನದು ನನ್ನದಕ್ಕಿಂತ ಒಂದು ಉಸಿರಿನಷ್ಟು ಹಿಂದೆ. ಇಲ್ಲಿ ಒಂದು ಸಾಲು ಹಾಡಿದರೆ ಆಚೆ ಅದೇ ಸಾಲು ಮತ್ತೆ, ಮೆತ್ತಗೆ, ಬೆನ್ನಿಗೆ ಪಿಟೀಲು. ನಾಟಿಗೂ ತಡ, ಮದುವೆಮನೆ ಊಟಕ್ಕೂ ತಡ ಮಾಡುತ್ತಿದ್ದ ಆಸಾಮಿ, ಇದರಲ್ಲೂ ಹಠಕ್ಕೆ ತಡ ಮಾಡುತ್ತಾನೆ ಎಂದು ಬೈದುಕೊಂಡೆ. ಬೈದುಕೊಂಡೇ ಕೊನೆಯವರೆಗೂ ಕೇಳಿದೆ.

ಆಮೇಲೆ ಅದೇ ರೂಢಿಯಾಯಿತು. ಸಂಜೆ ನಾನು ಹಾಕುವುದು, ಅವನೂ ಹಾಕುವುದು. ಬೆಳಿಗ್ಗೆ ನಾಲೆ ಏರಿಯ ಮೇಲೆ ಎದುರಾದರೆ ಇಬ್ಬರೂ ಕತ್ತು ತಿರುಗಿಸಿಕೊಂಡು ಹೋಗುವುದು. ವರ್ಷಗಟ್ಟಲೆ ಹೀಗೇ ನಡೆಯಿತು. ಹೋದ ವರ್ಷ ಅಣ್ಣ ಗದ್ದೆಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಒಂದು ಮಾತೂ ಆಡದೆ ಹೋಗಿಬಿಟ್ಟ.

ಅಷ್ಟರಲ್ಲಿ ನನ್ನ ಪೆಟ್ಟಿಗೆಯೂ ಕೆಟ್ಟಿತು. ಒಳಗಿನ ದೊಡ್ಡ ಕಾಗದದ ತಟ್ಟೆಯ ಸುತ್ತಲಿನ ಸ್ಪಂಜು ಪುಡಿಪುಡಿಯಾಗಿ, ಮೃದಂಗ ಹರಿದ ಮೊರ ಬಡಿದ ಹಾಗೆ ಕೇಳುತ್ತಿತ್ತು. ಪಾಂಡವಪುರದಲ್ಲಿ ಟೀಚರಾಗಿರುವ ಮಗಳು, ಬಂದಾಗಲೆಲ್ಲ ಹೊಸ ಜೋಡಿ ತಂದುಬಿಡೋಣ ಎನ್ನುತ್ತಿದ್ದಳು. ನನಗೆ ಮನಸ್ಸು ಒಪ್ಪಲಿಲ್ಲ. ಇದನ್ನೂ ಕಳೆದುಕೊಂಡರೆ ಅಣ್ಣನದೂ ನನ್ನದೂ ಅಂತ ಉಳಿಯುವುದೇನು? ಕೆ.ಆರ್. ಪೇಟೆಯ ರಿಪೇರಿ ಅಂಗಡಿಯ ಸಾಹೇಬರು ಸರಿಮಾಡಿ ಕೊಡುತ್ತೇನೆ, ಆದರೆ ಎರಡನ್ನೂ ಒಟ್ಟಿಗೆ ತನ್ನಿ, ಇಲ್ಲದಿದ್ದರೆ ದನಿ ಕೂಡುವುದಿಲ್ಲ ಎಂದರು.

ಅತ್ತಿಗೆಯನ್ನು ಕೇಳಲು ಹೋದೆ. ಅಣ್ಣನ ಪೆಟ್ಟಿಗೆ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಮೇಲೆ ಅವನ ಹಳೇ ಪಂಚೆ ಹೊದಿಸಿತ್ತು, ಪಕ್ಕದಲ್ಲಿ ಒಂದು ಮಣೆ. ಅತ್ತಿಗೆ ಒಂದೇ ಮಾತಿಗೆ ಒಪ್ಪಿದರು. ಪೆಟ್ಟಿಗೆ ಎತ್ತುವಾಗ ಮಾತ್ರ ಮಣೆಯನ್ನೇ ನೋಡುತ್ತಾ ಹೇಳಿದರು.

"ಸಂಜೆ ಆಯ್ತು ಅಂದ್ರೆ ಗ್ವಾಡೆಗೆ ಕಿವಿ ಕೊಟ್ಕಂಡು ಇದ್ರ ಮ್ಯಾಲೆ ಕೂತ್ಕಳೋರು. ಬೆರಳು ಗುಂಡಿ ಮ್ಯಾಲೆ ಮಡಗಿರೋರು. ನಿನ್ ಕಡೆ ಸುರುವಾದ್ಮೇಲೇ ಒತ್ತೋರು. ನೀನ್ ಆಕ್ಲಿಲ್ಲ ಅಂದ್ರೆ ಆವತ್ತು ಅವ್ರ್ಗೂ ಇಲ್ಲ."

ನಾನು ಹಠ ಅಂದುಕೊಂಡಿದ್ದೆ. ಅವನು ಕಾಯುತ್ತಿದ್ದ. ನನ್ನ ಮೃದಂಗ ಗೋಡೆ ದಾಟಿ, ಅವನ ಕಿವಿ ಸೇರಿ, ಅವನು ಗುಂಡಿ ಒತ್ತುವಷ್ಟು ಹೊತ್ತು. ಆ ಒಂದು ಉಸಿರು ಅದು.

ಎರಡೂ ರಿಪೇರಿಯಾಗಿ ಬಂದವು. ಮಗಳೇ ವೈರು ಕೂಡಿಸಿ ಕಚೇರಿ ಹಾಕಿದಳು. ಎಷ್ಟೋ ವರ್ಷಗಳ ಮೇಲೆ ಒಂದೇ ಕೋಣೆಯಲ್ಲಿ ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು, ನಡುವೆ ಎದುರಿಗೇ ಕೂತು ಹಾಡಿದಂತೆ ಹಾಡು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಮಗಳು ಹಿಗ್ಗಿಹೋದಳು. ನೀನು ಹಠ ಹಿಡಿದದ್ದೇ ಸರಿ, ಇನ್ನು ಹೊಸದು ಬೇಡವೇ ಬೇಡ ಎಂದಳು. ನಾನು ಮಾತ್ರ ಸಾಲು ಮುಗಿದಾಗಲೆಲ್ಲ ಗೋಡೆಯ ಕಡೆಗೆ ಕಿವಿ ಕೊಟ್ಟು ಕಾಯುತ್ತಿದ್ದೆ. ಎರಡನೆಯ ಹಾಡಿಗೇ ಎದ್ದು ಆರಿಸಿಬಿಟ್ಟೆ. ಮಗಳ ಮುಂದೆಯೇ ಅತ್ತುಬಿಟ್ಟೆ.

ಮರುದಿನ ಅಣ್ಣನ ಪೆಟ್ಟಿಗೆಯನ್ನು ಅದರ ಮಣೆಯ ಪಕ್ಕಕ್ಕೆ ವಾಪಸು ಇಡಿಸಿ, ಪಂಚೆ ಹೊದಿಸಿ ಬಂದೆ. ಹೊಸ ಜೋಡಿ ತಂದುಬಿಡು ಎಂದು ಮಗಳಿಗೆ ಹೇಳಿದೆ. ಇಷ್ಟು ಚೆನ್ನಾಗಿ ರಿಪೇರಿಯಾಗಿರುವಾಗ ಯಾಕಪ್ಪಾ ಎಂದು ಅವಳು ಕೇಳಿದಳು.

"ಹೊಸವು ಹೊತ್ಗೆ ಸರ್ಯಾಗಿ ಬಂದ್ರೆ ಬರ್ಲಿ ಬುಡು," ಎಂದೆ. "ಅಣ್ಣಂದು ಹೊತ್ಗೆ ಸರ್ಯಾಗಿ ಬಂದ್ರೆ ತಡ್ಕಳಕ್ಕಾಗಕಿಲ್ಲ ಕಣವ್ವ."