ಅಕ್ಕನ ನಾಲಿಗೆ, ಮಗಳ ಕಿವಿ

ನಮ್ಮಕ್ಕನಿಗೆ ಮೆಲ್ಲಗೆ ಮಾತಾಡೋದೇ ಗೊತ್ತಿರಲಿಲ್ಲ. ಬಿನ್ನಿಪೇಟೆಯ ಗಿರಣಿಯಲ್ಲಿ ಕೆಲಸ. ಯಂತ್ರಗಳ ಸದ್ದಿನಲ್ಲಿ ಕೂಗಿ ಕೂಗಿ ಅಭ್ಯಾಸ. ವಿಜಯನಗರದ ಮನೆಯಲ್ಲಿ ಕಾಫಿಗೆ ಕರೆದರೂ ಅಬ್ಬಾ, ಬೀದಿಗೆಲ್ಲ ಕೇಳೋದು. ಕೆನ್ನೆಯಲ್ಲಿ ಸದಾ ಹೊಗೆಸೊಪ್ಪು. ಎಂಬತ್ತರ ದಶಕದ ಕೊನೆಯಲ್ಲಿ ಅವಳ ನಾಲಿಗೆಯ ಅಂಚಿನ ಹುಣ್ಣು ಕ್ಯಾನ್ಸರ್ ಅಂತ ಗೊತ್ತಾಯಿತು.

ಡಾಕ್ಟರು ಎರಡು ದಾರಿ ಹೇಳಿದರು. ಆ ಭಾಗ ಕತ್ತರಿಸಬಹುದು, ಆದರೆ ಮಾತು ತೊದಲಬಹುದು. ಇಲ್ಲವೇ ವಿಕಿರಣ ಸೂಸುವ ಸಣ್ಣ ತಂತಿಗಳನ್ನು ನಾಲಿಗೆಯೊಳಗೇ ಕೆಲವು ದಿನ ಇಟ್ಟು ತೆಗೆಯಬಹುದು.

"ತಂತಿನೇ ಇಡಿ ಸಾರ್," ಅಂದಳು ಅಕ್ಕ, ನನ್ನ ಕಡೆ ಕೈ ತೋರಿಸುತ್ತ. "ನನ್ನ ತಮ್ಮನ ಹೆಂಡ್ತಿ ಬಸುರಿ. ನಾಳೆ ಮಗೂ ಕಿವೀಲಿ ಹೆಸರು ಹೇಳಬೇಕಾದ ಸೋದರತ್ತೆ ನಾನು. ತೊದಲ್ಕೊಂಡು ಹೇಳ್ಲಾ?"

ತಂತಿ ಇದ್ದಷ್ಟು ದಿನ ಒಂಟಿ ಕೋಣೆ. ಬಸುರಿಯರು, ಮಕ್ಕಳು ಹತ್ತಿರ ಸುಳಿಯಬಾರದು ಅಂತ ಕಟ್ಟಪ್ಪಣೆ. ನಾನು ಸೀಸದ ತಡೆಯ ಈಚೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದೆ. ನಾಲಿಗೆ ಊದಿ ಅವಳ ಮಾತು ನಿಂತಿತ್ತು. ಕೈಯಲ್ಲೇ ತುಂಬಿದ ಹೊಟ್ಟೆಯ ಆಕಾರ ಬರೆದು, ಹೇಗಿದಾಳೆ ಅಂತ ಕೇಳೋಳು. ಚೆನ್ನಾಗಿದಾಳೆ ಅಂದ ಕೂಡಲೇ ಹೋಗು ಹೋಗು ಅಂತ ಕೈ ಬೀಸೋಳು. ಅವಳ ಆ ಮೌನ ನನಗೆ ತಡೆಯಲಾಗುತ್ತಿರಲಿಲ್ಲ.

ತಂತಿ ತೆಗೆದ ದಿನ ಡಾಕ್ಟರು, "ಇನ್ನು ಬಾಯಲ್ಲಿ ವಿಕಿರಣ ಏನೂ ಉಳಿದಿಲ್ಲಮ್ಮ, ಮಕ್ಕಳನ್ನ ಧಾರಾಳವಾಗಿ ಎತ್ಕೊಳ್ಳಿ" ಅಂದರು. ಅಕ್ಕ ತಲೆಯಾಡಿಸಿದಳು. ಹುಣ್ಣು ಮಾಯಿತು, ಮಾತೂ ಮರಳಿತು. ನನಗೆ ಮಗಳು ಹುಟ್ಟಿದಳು. ಅಕ್ಕ ಮಾತ್ರ ನೋಡೋಕೆ ಬರಲೇ ಇಲ್ಲ.

ಕೆಂಗೇರಿಯ ನಮ್ಮ ಮಾವನ ಮನೆಯಲ್ಲಿ ತೊಟ್ಟಿಲು ಶಾಸ್ತ್ರ. ಅವತ್ತು ಬಂದಳು, ಬಂದವಳು ಹೊಸಿಲಾಚೆಯೇ ನಿಂತಳು.

"ಬೇರೆ ಯಾರ ಕೈಲಾದ್ರೂ ಹೇಳಿಸ್ರೋ."

ನಾನು ಮೊದಲೇ ಮುಂಗೋಪಿ. "ಇದಕ್ಕೇ ಅಲ್ವೇನಕ್ಕ ಅಷ್ಟು ಪಾಡು ಪಟ್ಟಿದ್ದು? ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ?" ಅಂತ ಎಲ್ಲರೆದುರೇ ರೇಗಿದೆ.

"ಎಳೇ ಕಿವಿ ಕಣೋ. ಡಾಕ್ಟ್ರು ಸಾವಿರ ಹೇಳ್ಲಿ. ನನ್ನ ಬಾಯಲ್ಲಿ ಅದು ಚೂರು ಉಳ್ಕೊಂಡಿದ್ರೆ?" ಅವಳ ಕಣ್ಣು ತುಂಬಿತ್ತು.

ನನ್ನ ಹೆಂಡತಿ ತೊಟ್ಟಿಲಿಂದ ಮಗೂನ ಎತ್ತಿಕೊಂಡು ಹೊಸಿಲು ದಾಟಿದಳು. "ಹೇಳಿ ಅತ್ತಿಗೆ" ಅಂತ ಮಗುವಿನ ಕಿವಿಯನ್ನು ಅಕ್ಕನ ಬಾಯಿಗೆ ತಾಗಿಸಿ ಹಿಡಿದಳು.

ಅಕ್ಕ ಬಿಕ್ಕುತ್ತಲೇ ಹೆಸರು ಹೇಳಿದಳು. ಪಕ್ಕದಲ್ಲೇ ನಿಂತಿದ್ದ ನನಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.