ತಮ್ಮನ ಹೆಂಡತಿಗೊಂದು ಬೆನ್ನುಚೀಲ

ತಮ್ಮ ಸತ್ತ ಏಳನೆಯ ತಿಂಗಳಲ್ಲಿ ಅವನ ಹೆಂಡತಿ ನಮ್ಮ ಅಂಗಳಕ್ಕೆ ಬಂದಳು. ಜಗಲಿ ಹತ್ತಲಿಲ್ಲ. ನಿಂತಲ್ಲಿಂದಲೇ ಹೇಳಿದಳು:

"ಅತ್ತಿಗೆ, ನಾಳೆ ಕಲ್ಪೆಟ್ಟಕ್ಕೆ ಬಾ. ನಂಗೊಂದು ಬ್ಯಾಗ್ ಬೇಕು. ಅವನಿಗೆ ನೀನೇ ಆರಿಸಿದ್ದಲ್ಲಾ, ನಂಗೂ ನೀನೇ ಆರಿಸು."

ನಾನು ಅಕ್ಕಿ ಕೇರುತ್ತಿದ್ದೆ. ಮೊರ ಕೆಳಗಿಡಲಿಲ್ಲ. ನಮ್ಮಿಬ್ಬರ ಮನೆಗಳಿಗೆ ಒಂದೇ ಬೇಲಿ. ಆದರೂ ಏಳು ತಿಂಗಳಲ್ಲಿ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಇದು. ಅದನ್ನು ಅವಳು ಚುಚ್ಚಲೆಂದೇ ಆಡಿದ್ದಳು, ಸರಿಯಾಗಿಯೇ ಚುಚ್ಚಿತು.

ತಮ್ಮ ಕೆಲಸ ಮಾಡುತ್ತಿದ್ದ ಗುಂಪಿನಲ್ಲೇ ಅವಳು ಕೆಲಸಕ್ಕೆ ಒಪ್ಪಿಕೊಂಡಿದ್ದಳು. ಪೇಟೆಯಿಂದ ಬರುವವರನ್ನು ಮೂರು ದಿನ ಬೆಟ್ಟ ಕಾಡು ನಡೆಸಿಕೊಂಡು ಹೋಗುವ ಗುಂಪು ಅದು. ಈಗ ಹೆಂಗಸರೂ ಬರುತ್ತಾರಂತೆ, ಜೊತೆಗೆ ಒಬ್ಬ ಹೆಂಗಸು ಇದ್ದರೆ ಒಳ್ಳೆಯದಂತೆ, ಅಡುಗೆಯನ್ನೂ ಮಾಡಬಹುದಂತೆ. ಇದನ್ನೆಲ್ಲ ನನಗೆ ಹೇಳಿದ್ದು ಪಕ್ಕದ ಮನೆಯವರು. ಗುಂಪಿನ ಯಜಮಾನ ನಮ್ಮ ಮನೆಯ ಮುಂದೆಯೇ ಹಾದು ಅವಳ ಮನೆಗೆ ಹೋಗಿ ಕೇಳಿದ್ದ. ನನ್ನ ಮುಖ ನೋಡಲು ಅವನಿಗೆ ಧೈರ್ಯವಿರಲಿಲ್ಲ. ಇದ್ದಿದ್ದರೆ ಮೊರದಲ್ಲೇ ಹೊಡೆಯುತ್ತಿದ್ದೆನೇನೋ.

ತಿರುನೆಲ್ಲಿಯ ಕಡೆ ನಾವು ಹೊರೆ ಹೊರುವುದು ತಲೆಯ ಮೇಲೆ. ಸೌದೆಯಾಗಲಿ, ಹುಲ್ಲಾಗಲಿ, ಭತ್ತದ ಕಂತೆಯಾಗಲಿ, ಹಳೆಯ ಬಟ್ಟೆ ಸುತ್ತಿ ಸಿಂಬಿ ಮಾಡಿ ಅದರ ಮೇಲೆ ಇಟ್ಟುಕೊಳ್ಳುತ್ತೇವೆ. ಕಾಡಿನ ಅಂಚಿನಲ್ಲಿ ಯಾರೂ ಹೊರೆಯನ್ನು ಮೈಗೆ ಕಟ್ಟಿಕೊಳ್ಳುವುದಿಲ್ಲ. ಆನೆ ಎದುರಾದರೆ ಕತ್ತು ಒಮ್ಮೆ ಕೊಡವಿದರೆ ಸಾಕು, ಹೊರೆ ಒಂದು ಕಡೆ, ನಾವು ಇನ್ನೊಂದು ಕಡೆ. ಇದನ್ನು ನಮಗೆ ಯಾರೂ ಕಲಿಸಲಿಲ್ಲ, ನಡೆಯಲು ಕಲಿತಾಗಲೇ ಕಲಿತದ್ದು.

ತಮ್ಮನಿಗೆ ಗುಂಪಿನವರು ಕೊಟ್ಟಿದ್ದು ಯಾರೋ ಎತ್ತರದವನ ಹಳೆಯ ಬೆನ್ನುಚೀಲ. ಅದರ ಸೊಂಟದ ಬೆಲ್ಟು ಅವನ ತೊಡೆಯ ಮೇಲೆ ಕೂರುತ್ತಿತ್ತು. ಅವನು ಅದನ್ನು ಕಟ್ಟುತ್ತಲೂ ಇರಲಿಲ್ಲ. ಗುಡಾರ, ಅಕ್ಕಿ, ಸ್ಟವ್ ಎಲ್ಲದರ ಭಾರ ಹೆಗಲ ಮೇಲೆ. ಮೂರು ದಿನ ಕಳೆದು ಬಂದಾಗ ಎರಡೂ ಹೆಗಲು ಸುಲಿದ ಗೆಣಸಿನ ಹಾಗೆ ಇರುತ್ತಿದ್ದವು. ಎಣ್ಣೆ ಅರಿಶಿನ ಹಚ್ಚುವವಳು ನಾನು. ಹಚ್ಚುತ್ತ ಬೈಯುತ್ತಿದ್ದೆ. ಒಂದು ದಿನ ಬೈಗುಳ ಸಾಕಾಗಿ ಅವನನ್ನು ಕಲ್ಪೆಟ್ಟದ ಒಂದು ಅಂಗಡಿಗೆ ಎಳೆದುಕೊಂಡು ಹೋದೆ.

ಅಲ್ಲಿ ಅವನು ಮಾಡಿದ ಮೊದಲ ಕೆಲಸವೆಂದರೆ ಚೀಲವನ್ನು ಎತ್ತಿ ತಲೆಯ ಮೇಲೆ ಇಟ್ಟು ನೋಡಿದ್ದು. ಅಂಗಡಿಯವನು ನಕ್ಕ. ತಮ್ಮನೂ ನಕ್ಕ. ನನಗೆ ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಇರಬೇಕು, ಅಂಗಡಿಯವನು ಹೇಳಿದ್ದನ್ನೆಲ್ಲ ನಾನು ಪಾಠದ ಹಾಗೆ ಕಲಿತೆ. ಆಳಿನ ಎತ್ತರ ನೋಡಿ ಚೀಲ ಕೊಳ್ಳಬಾರದು, ಬೆನ್ನಿನ ಉದ್ದ ನೋಡಿ ಕೊಳ್ಳಬೇಕು. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಎದ್ದು ಕಾಣುತ್ತದೆ. ಅಲ್ಲಿಂದ ಸೊಂಟದ ಮೂಳೆಯ ಮೇಲ್ತುದಿಯ ಮಟ್ಟದವರೆಗೆ, ಬೆನ್ನಿನ ಬಾಗಿಗೆ ಅಂಟಿಸಿ ಟೇಪು ಹಿಡಿಯಬೇಕು. ಬೆಲ್ಟು ಹೊಟ್ಟೆಯ ಮೇಲಲ್ಲ, ಆ ಮೂಳೆಗಳ ಮೇಲೆ ಕೂರಬೇಕು. ಭಾರ ಹೊರುವುದು ಸೊಂಟ. ಹೆಗಲ ಪಟ್ಟಿಯ ಕೆಲಸ ಚೀಲ ಹಿಂದಕ್ಕೆ ವಾಲದಂತೆ ಹಿಡಿಯುವುದು ಮಾತ್ರ. ಖಾಲಿ ಚೀಲ ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ, ಮರಳಿನ ಮೂಟೆ ತುಂಬಿ ಅಂಗಡಿಯೊಳಗೆ ನಾಲ್ಕು ಸುತ್ತು ನಡೆಯಬೇಕು.

ಎಲ್ಲ ನಿಜ. ಒಂದು ಮಾತೂ ಸುಳ್ಳಲ್ಲ. ಆ ಚೀಲ ಹಾಕಿದ ಮೇಲೆ ತಮ್ಮನ ಹೆಗಲು ಎರಡೇ ವಾರದಲ್ಲಿ ಮಾಯಿತು.

ಆದರೆ ಅವನು ಕಾಡಿನ ದಾರಿ ಬಂದೊಡನೆ ಬೆಲ್ಟು ಬಿಚ್ಚಿಬಿಡುತ್ತಿದ್ದ. ಗೊತ್ತಾದಾಗ ನಾನು ಜಗಳವಾಡಿದೆ. "ಅಕ್ಕಾ, ಆನೆ ಬಂದ್ರೆ?" ಅಂದ. "ಒಂದು ಕ್ಲಿಪ್ ಒತ್ತೋಕೆ ಎಷ್ಟು ಹೊತ್ತು ಬೇಕು?" ಅಂದೆ. ನಾನು ಹಾಗೆಂದೆ. ಅವನು ಕಟ್ಟತೊಡಗಿದ. ಆ ಕೊನೆಯ ಬೆಳಿಗ್ಗೆ ಅವನು ಹೊರಟು ನಿಂತಾಗ ಹೆಗಲ ಪಟ್ಟಿಗಳು ಅಗಲಕ್ಕೆ ಜಾರುತ್ತಿದ್ದವು. ಎದೆಯ ಮೇಲೆ ಅವೆರಡನ್ನು ಸೇರಿಸುವ ಸಣ್ಣ ಪಟ್ಟಿಯೊಂದಿತ್ತು, ಅದುವರೆಗೆ ಅವನು ಬಳಸಿರಲಿಲ್ಲ. ಅದರ ಕ್ಲಿಪ್ ಅನ್ನು ನಾನೇ ಹಾಕಿ ಬಿಗಿ ಮಾಡಿದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ತಮ್ಮ ಸತ್ತ ಮೂರನೆಯ ದಿನ ಗುಂಪಿನ ಯಜಮಾನ ಕಿತ್ತಳೆ ಹಣ್ಣು ತಂದ. ನಾನು ಕೂರು ಎನ್ನಲಿಲ್ಲ. ನಿಂತೇ ಹೇಳಿದ: ಆನೆ ಬಿದಿರಿನ ಮರೆಯಲ್ಲಿತ್ತು, ತಮ್ಮ ಉಳಿದವರನ್ನೆಲ್ಲ ಹಿಂದಕ್ಕೆ ಓಡಿಸಿದ, ಓಡುತ್ತಲೇ ಬೆಲ್ಟು ಬಿಚ್ಚಿದ. ಎದೆಯ ಪಟ್ಟಿ ಬಿಚ್ಚಲಿಲ್ಲ. ಚೀಲ ಬಿದಿರಿನ ಮುಳ್ಳಿಗೆ ಸಿಕ್ಕಿತು. ಯಜಮಾನ ಹೋದ ಮೇಲೆ ಕಿತ್ತಳೆಗಳನ್ನು ಗೊಬ್ಬರದ ಗುಂಡಿಗೆ ಎಸೆದೆ. ನಮ್ಮವರೆಲ್ಲ ಬಂದು ಹಣೆಬರಹ ಎಂದರು. ಆ ಮಾತು ಕೇಳಿದಾಗಲೆಲ್ಲ ಎದ್ದು ಒಳಗೆ ಹೋದೆ. ಹಣೆಬರಹಕ್ಕೆ ಕೈಗಳಿರುವುದಿಲ್ಲ, ಕ್ಲಿಪ್ ಹಾಕಲು.

ಅವಳಿಗೆ ಬರುವುದಿಲ್ಲ ಎಂದು ಹೇಳಬಹುದಿತ್ತು. ಹೇಳಿದ್ದರೆ ಅವಳು ಒಬ್ಬಳೇ ಹೋಗಿ ಕೈಗೆ ಸಿಕ್ಕಿದ ಚೀಲ ತರುತ್ತಿದ್ದಳು, ಅದರ ಎದೆಯಲ್ಲೂ ಒಂದು ಕ್ಲಿಪ್ ಇರುತ್ತಿತ್ತು. ಹೋದೆ. ಮಾನಂದವಾಡಿಯವರೆಗೂ ಅವಳು ಬೇರೆ ಸೀಟಿನಲ್ಲಿ ಕುಳಿತಳು. ಅಲ್ಲಿ ಬಸ್ಸು ಬದಲಾಯಿಸಿದಾಗಲೂ ಬೇರೆ ಸೀಟೇ.

ಅಂಗಡಿಯವನಿಗೆ ನನ್ನ ಗುರುತು ಸಿಕ್ಕಿತು. ತಮ್ಮನ ಚೀಲ ಹೇಗಿದೆ ಎಂದು ಕೇಳಿದ.

"ಚೀಲಕ್ಕೆ ಏನೂ ಆಗಿಲ್ಲ" ಎಂದೆ.

ಅವನಿಗೆ ಸಂತೋಷವಾಯಿತು. ಆ ಹೊಲಿಗೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಎಂದ. ತಮ್ಮನ ಹೆಂಡತಿ ನನ್ನನ್ನು ಒಮ್ಮೆ ನೋಡಿ, ಗೋಡೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕೆಂಪು ಚೀಲಕ್ಕೆ ಕೈ ಹಾಕಿದಳು.

"ಅದು ನಿನ್ನ ಬೆನ್ನಿಗಲ್ಲ" ಅಂದೆ.

"ನನ್ನ ಬೆನ್ನು ನಿಂಗೇನು ಗೊತ್ತು?"

"ತಿರುಗಿ ನಿಲ್ಲು."

ನಿಂತಳು. ಕೆಲಸದ ದಿನ ಹಾಕುವ ಬಟ್ಟೆಯಲ್ಲೇ ಅಳೆಯಬೇಕೆಂದು ಅವಳಿಗೆ ಯಾರೋ ಹೇಳಿದ್ದರು. ಚೂಡಿದಾರದ ಮೇಲೆ ತಮ್ಮನ ನೀಲಿ ಅಂಗಿ ಹಾಕಿಕೊಂಡು ಬಂದಿದ್ದಳು. ಕತ್ತಿನ ಮೂಳೆ ಹುಡುಕಬೇಕಾಗಿರಲಿಲ್ಲ, ತಲೆ ಬಗ್ಗಿಸುವ ಮೊದಲೇ ಕಾಣುತ್ತಿತ್ತು. ಸೊಂಟದ ಮೂಳೆಗಳು ಅಂಗಿಯನ್ನು ಗೂಟಗಳ ಹಾಗೆ ಎತ್ತಿ ಹಿಡಿದಿದ್ದವು. ಬೇಲಿಯ ಆಚೆ ಒಬ್ಬಳು ಇಷ್ಟು ಇಳಿದುಹೋದದ್ದು ನನಗೆ ಕಂಡಿರಲಿಲ್ಲ, ನೋಡಬಾರದೆಂದು ನೋಡಿರಲಿಲ್ಲ. ಟೇಪು ಹಿಡಿದೆ, ಹದಿನಾರು ಇಂಚು. ನನ್ನ ಬೆರಳು ತಗುಲಿದಾಗ ಅವಳ ಬೆನ್ನು ಹಿಂಜರಿಯಿತು.

ಚಿಕ್ಕ ಬೆನ್ನಿನ ಒಂದು ಬೂದು ಚೀಲ ತೆಗೆಸಿದೆ. ಮರಳಿನ ಮೂಟೆ ತುಂಬಿಸಿದೆ. ಬೆಲ್ಟು ಮೂಳೆಯ ಮೇಲೆ ಕೂರಿಸಿ, ಹೆಗಲ ಪಟ್ಟಿ ಎಳೆದು, ಎದೆಯ ಕ್ಲಿಪ್ ಹಾಕಿದೆ. ಅವಳು ನಾಲ್ಕು ಹೆಜ್ಜೆ ನಡೆದಳು. ಚೀಲ ಅವಳಿಗೆ ಸರಿಯಾಗಿತ್ತು, ಅವಳಿಗೇ ಹೊಲಿದ ಹಾಗೆ. ಆಗ ಅವಳ ಹಿಂದೆ ನಿಂತು, ಅಲ್ಲಿದ್ದ ಕಬ್ಬಿಣದ ಕಪಾಟನ್ನು, ಮಾರಲು ಇಟ್ಟಿದ್ದ ಒಂದು ಊರುಗೋಲಿನಿಂದ ಜೋರಾಗಿ ಹೊಡೆದೆ. "ಆನೆ" ಎಂದೆ.

ಅವಳ ಕೈ ಸೊಂಟಕ್ಕೆ ಹೋಯಿತು, ಬೆಲ್ಟು ಬಿಚ್ಚಿತು. ಹೆಗಲು ಕೊಡವಿದಳು. ಚೀಲ ಬೀಳಲಿಲ್ಲ. ಎದೆಯಿಂದ ನೇತಾಡಿ ಹಿಂದಕ್ಕೆ ಎಳೆಯಿತು, ಅವಳು ಅಂಗಾತ ಬಿದ್ದಳು. ಅಂಗಡಿಯವನು ಓಡಿ ಬಂದ.

"ಪ್ರಾಂದಾ ನಿಂಗೆ? ಹುಚ್ಚಾ?" ಎಂದು ನೆಲದಿಂದಲೇ ಕೇಳಿದಳು.

"ಅವನೂ ಹೀಗೇ" ಎಂದೆ.

ಅವಳು ಏಳಲಿಲ್ಲ. ಎದೆಯ ಕ್ಲಿಪ್ ಹಿಡಿದುಕೊಂಡು ಮಲಗಿಯೇ ಇದ್ದಳು. ಆಮೇಲೆ ಮೆಲ್ಲಗೆ ಅಂದಳು: "ಅವತ್ತು ಇದನ್ನ ಹಾಕಿದ್ದು ನೀನು. ನಾ ನೋಡ್ದೆ."

"ಹೌದು."

"ಬಿಚ್ಚೋದು ಹೇಳಿಕೊಡ್ಲಿಲ್ಲ."

"ಇಲ್ಲ."

ಅಷ್ಟೇ. ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳು ಉಗಿಯುತ್ತಿದ್ದಳು, ಉಗಿಯುವುದು ಸರಿಯೂ ಆಗಿತ್ತು. ಅಂಗಡಿಯವನಿಂದ ಕತ್ತರಿ ಕೇಳಿದೆ. ಎದೆಯ ಪಟ್ಟಿಯನ್ನು ಎರಡೂ ಕಡೆ ಬುಡಕ್ಕೆ ಕತ್ತರಿಸಿದೆ. ಹಾಗೆ ಮಾಡಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಅವನು ಮಲಯಾಳಂನಲ್ಲಿ ಗೊಣಗಿದ. ತರುವುದಿಲ್ಲ ಎಂದೆ.

"ಬೆಲ್ಟೂ ಕತ್ತರಿಸು" ಎಂದಳು ಅವಳು.

ಕತ್ತರಿಸಲಿಲ್ಲ. ಬೆಲ್ಟಿಲ್ಲದೆ ಮೂರು ದಿನ ನಡೆದರೆ ಹೆಗಲು ಏನಾಗುತ್ತದೆಂದು ಅವಳಿಗೂ ಗೊತ್ತಿತ್ತು. ಸ್ವಲ್ಪ ಹೊತ್ತು ಅಂಗಡಿಯ ನಡುವೆಯೇ ಜಗಳವಾಡಿದೆವು. ನನಗೆ ಪೇಡಿ, ಹೆದರಿಕೆ, ಅದಕ್ಕೇ ಅವಳನ್ನು ಆಟ ಆಡಿಸುತ್ತಿದ್ದೇನೆ ಎಂದಳು. ಹೆದರಿಕೆಯೇ ಎಂದು ಒಪ್ಪಿಕೊಂಡೆ. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಎದ್ದು ಚೀಲವನ್ನು ಮತ್ತೆ ಹಾಕಿಕೊಂಡಳು, ಬೆಲ್ಟು ಕಟ್ಟಿದಳು, ನನಗೆ ಬೆನ್ನು ಕೊಟ್ಟು ನಿಂತಳು.

"ಹೊಡಿ."

ಹೊಡೆದೆ. ಚೀಲ ಕಾಲಿನ ಮೇಲೆ ಬಿತ್ತು. ಮತ್ತೆ ಹಾಕಿಕೊಂಡಳು. ಮತ್ತೆ ಹೊಡೆದೆ. ಯಾವಾಗ ಹೊಡೆಯುತ್ತೇನೆಂದು ತಿಳಿಯದ ಹಾಗೆ, ಒಮ್ಮೆ ತಡೆದು, ಒಮ್ಮೆ ತಟ್ಟನೆ. ಬೇರೆ ಗಿರಾಕಿಗಳು ಬಾಗಿಲಲ್ಲೇ ನಿಂತರು. ಅಂಗಡಿಯವನು ಬೈಯುವುದನ್ನು ಬಿಟ್ಟು ನೋಡತೊಡಗಿದ. ಕೊನೆಗೆ ಕಪಾಟಿನ ಸದ್ದು ಅಡಗುವ ಮೊದಲೇ ಚೀಲ ನೆಲದಲ್ಲಿತ್ತು, ಅವಳು ಬಾಗಿಲ ಹತ್ತಿರ ಇದ್ದಳು. ಆಗಲೂ ನನ್ನ ಮುಖ ನೋಡಲಿಲ್ಲ.

ಅವಳು ಹೊರಟ ದಿನ ನಾನು ಬೇಲಿಯ ಹತ್ತಿರ ಹೋಗಲಿಲ್ಲ. ಮೂರು ದಿನ ಒಲೆಯ ಮುಂದೆ ಕುಳಿತು ಯಾರ ಮೇಲೆಂದು ಗೊತ್ತಿಲ್ಲದೆ ಸಿಟ್ಟಾಗಿದ್ದೆ. ಬಂದವರಿಗೆಲ್ಲ ಕೆಟ್ಟ ಉತ್ತರ ಕೊಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಅಂಗಳಕ್ಕೆ ಬಂದಳು. ಚೀಲ ಕೆಸರಾಗಿತ್ತು, ಒಂದು ಬದಿ ತರಚಿತ್ತು.

"ಎರಡು ಸಲ ಕೆಳಗೆ ಹಾಕ್ದೆ" ಎಂದಳು.

"ಆನೆಯಾ?"

"ಒಂದ್ಸಲ ಆನೆ. ಒಂದ್ಸಲ ಹಲಸಿನ ಹಣ್ಣು ಬಿದ್ದದ್ದು."

ನಗು ಬರುವ ಮಾತು. ಅವಳೂ ನಗಲಿಲ್ಲ, ನಾನೂ ನಗಲಿಲ್ಲ. ಹಲಸಿನ ಹಣ್ಣಿಗೆ ಸ್ಟವ್ ಸೊಟ್ಟಗಾಯಿತಂತೆ, ಯಜಮಾನ ಎಲ್ಲರ ಮುಂದೆ ಬೈದನಂತೆ. ಮುಂದಿನ ಗುಂಪು ಶುಕ್ರವಾರ ಹೊರಡುತ್ತದಂತೆ. ಸ್ಟವ್ ಅನ್ನು ಬಟ್ಟೆಯಲ್ಲಿ ಸುತ್ತಿ ನಡುವೆ ಇಡು, ತಳದಲ್ಲಿ ಬೇಡ ಎಂದೆ. ಗೊತ್ತು ಎಂದಳು. ಜಗಲಿ ಹತ್ತು ಎಂದು ನಾನು ಕರೆಯಲಿಲ್ಲ. ಅವಳು ಚೀಲವನ್ನು ಒಂದೇ ಹೆಗಲಿಗೆ ಹಾಕಿಕೊಂಡು ತನ್ನ ಮನೆಗೆ ನಡೆದಳು.