ಎರಡು ಸೀಟಿನ ಹಸಿರು ಕಾರು

ಕೊಬ್ಬರಿ ಅಟ್ಟದ ಬಾಗಿಲು ತೆಗೆದರೆ ಈಗ ಮೂಗಿಗೆ ಮೊದಲು ಬಡಿಯುವುದು ಪೆಟ್ರೋಲು ಮತ್ತು ಹಳೆಯ ಚರ್ಮದ ವಾಸನೆ, ಕೊಬ್ಬರಿಯದು ಆಮೇಲೆ. ಅಟ್ಟದ ಕೆಳಗೆ, ಹಿಂದೆ ಎತ್ತು ಕಟ್ಟುತ್ತಿದ್ದ ಜಾಗದಲ್ಲಿ, ನನ್ನ ಕಾರು ನಿಂತಿದೆ. ಇಂಗ್ಲೆಂಡಿನದು. ಎರಡೇ ಸೀಟು, ಮೇಲೆ ಸೂರಿಲ್ಲ. ವಯಸ್ಸಿನಲ್ಲಿ ನನಗಿಂತ ಹಿರಿಯದು. ಕೀಲುಗಳು ಮಾತ್ರ ನನ್ನವಕ್ಕಿಂತ ಗಟ್ಟಿ, ಬಿಡಿ.

ಈ ಹುಚ್ಚು ಹತ್ತಿದ್ದು ಎರಡನೇ ಕ್ಲಾಸಿನಲ್ಲಿ. ಹಾಲ್ಕುರಿಕೆಯ ನಮ್ಮ ತೋಟದ ಬೇಲಿಯ ಪಕ್ಕ ಇಂಥದೇ ಕಾರು ನಿಲ್ಲಿಸಿ ಒಬ್ಬ ಹೆಂಗಸು ಎಳನೀರು ಕೇಳಿದಳು. ಜೊತೆಗೆ ಯಾರೂ ಇಲ್ಲ. ಕುಡಿದು, ಅಪ್ಪನಿಗೆ ಕೈ ಮುಗಿದು ಹೊರಟಳು. ಧೂಳು ಅಡಗುವವರೆಗೆ ನಾನು ಬೇಲಿ ಬಿಟ್ಟು ಕದಲಲಿಲ್ಲ.

"ನಂಗೂ ಅಂಥದ್ದೇ ಬೇಕು ಕಣಪ್ಪ."

"ಮೊದ್ಲು ಸೈಕಲ್ ಕಲ್ತ್ಕೋ, ಆಮೇಲ್ ನೋಡಾನ ಬುಡು," ಎಂದರು ಅಪ್ಪ.

ಆ 'ಆಮೇಲೆ' ಬರುವಷ್ಟರಲ್ಲಿ ಅಪ್ಪ ಹೋದರು, ನನಗೆ ಮದುವೆಯಾಯಿತು, ತುರುವೇಕೆರೆಯ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾ ತಲೆ ನರೆಯಿತು. ರಿಟೈರಾದ ಮೇಲೆ ಮೈಸೂರಿನ ಒಬ್ಬ ಮೆಕ್ಯಾನಿಕ್ ಹತ್ತಿರ ಇದು ಸಿಕ್ಕಿತು. ನಮ್ಮ ಯಜಮಾನರು ಕಾರಿಗೆ ಸುತ್ತು ಹಾಕಿ ನೋಡಿ, "ಮಳೆ ಬಂದ್ರೆ ಏನ್ ಮಾಡ್ತೀಯೇ?" ಎಂದರು.

"ನೆನೀತೀನಿ ಕಣ್ರೀ."

ಆಮೇಲೆ ಪ್ರತಿ ಭಾನುವಾರ ತುರುವೇಕೆರೆಯವರೆಗೆ ಓಡಿಸುವುದು, ಊಟದ ಹೊತ್ತಿಗೆ ವಾಪಸು. ಕೇಳಿದ್ದು ಸಿಕ್ಕಿತ್ತಲ್ಲ, ಆದರೂ ಎದೆಯೊಳಗಿನ ಸೆಳೆತ ಮಾತ್ರ ಹಾಗೇ ಇತ್ತು. ನಿಮಗೂ ಹೀಗೆ ಆಗಿದ್ದುಂಟೆ?

ಕಳೆದ ಭಾನುವಾರ ಕುರಿ ದಾಟಲಿ ಎಂದು ರಸ್ತೆಯಲ್ಲಿ ನಿಂತೆ. ಕುರಿ ಹಿಂದಿದ್ದ ಅಜ್ಜಿ ಬಾನೆಟ್ ಸವರಿ ಕೇಳಿತು: "ಯಾವೂರ್ಗವ್ವಾ?"

"ತುರುವೇಕೆರೆಗೆ ಅಜ್ಜಿ."

"ಇಂಥಾ ಗಾಡಿ ಮಡೀಕಂಡು ಬರೀ ತುರುವೇಕೆರೆಗಾ!" ಅಜ್ಜಿ ಬಿದ್ದು ಬಿದ್ದು ನಕ್ಕಿತು.

ನನಗೂ ನಗು ಬಂತು. ತುರುವೇಕೆರೆ ಬಂದಾಗ ಕಾರು ತಿರುಗಿಸಲಿಲ್ಲ. ಮಾಯಸಂದ್ರವೂ ಹಿಂದಾಯಿತು. ಗಾಳಿಗೆ ತುರುಬು ಬಿಚ್ಚಿ ಕೂದಲು ಬಾಯಿಗೆ ಬರುತ್ತಿತ್ತು. ಕಣ್ಣೀರು ಗಾಳಿಯದೋ ನನ್ನದೋ ತಿಳಿಯಲಿಲ್ಲ. ಫೋನು ಬಡಿದುಕೊಂಡಾಗ ಹುಣಸೆಮರದ ಕೆಳಗೆ ನಿಲ್ಲಿಸಿದೆ.

"ಎಲ್ಲಿದೀಯೇ? ಅನ್ನ ಆರೋಯ್ತು."

ಸುತ್ತ ನೋಡಿದೆ. ಗುರುತಿನ ಮರವೊಂದೂ ಇಲ್ಲ. "ಯಾವೂರೋ ಗೊತ್ತಿಲ್ಲ ಕಣ್ರೀ. ನೀವು ಊಟ ಮಾಡಿ. ನಾನಿನ್ನೂ ಸ್ವಲ್ಪ ಮುಂದಕ್ಕೆ ಹೋಗ್ತೀನಿ."

ಆ ಕಡೆ ತಟ್ಟೆ ಎಳೆದುಕೊಂಡ ಸದ್ದು ಕೇಳಿಸಿತು. "ಮುಂದಿನ್ ಸಲ ನಾನೂ ಬತ್ತೀನಿ," ಎಂದರು.

ಇವತ್ತು ಬಾಗಿಲು ತೆಗೆದಾಗ ಮಫ್ಲರ್ ಸುತ್ತಿಕೊಂಡು ಬಂದು ಎಡಗಡೆ ಕೂತೇಬಿಟ್ಟರು. ಆ ಸೀಟು ಖಾಲಿಯಿದ್ದರೇ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಅವರ ಮಫ್ಲರಿನ ಗಂಟು ಬಿಗಿ ಮಾಡಿ, ಗಾಡಿ ಹೊರಡಿಸಿದೆ.